ಆಟದ ಬಯಲು – ಎಡಗೆರೆಯ ಕೊಲೆವ್

ನಮ್ಮ ಸಂಘದ ಮನೆಗಳಲ್ಲಿ ಕಾಲ್ಚೆಂಡಿನ ಹುಚ್ಚು ಹತ್ತದ ಹುಡುಗರನ್ನು ಈಗ ದುರ್ಬೀನು ಹಾಕಿಯೇ ಹುಡುಕಬೇಕು. ಸ್ಪೇನಿನ, ಇಂಗ್ಲೆಂಡಿನ ತಂಡಗಳ ಹೆಸರೆಲ್ಲ ನಾಲಗೆಯ ತುದಿಯಲ್ಲಿ. ನಡುರಾತ್ರಿಯ ಪಂದ್ಯಕ್ಕೆ ತಾವು ಏಳುವುದಲ್ಲದೆ ಮನೆಯವರನ್ನೂ ಎಬ್ಬಿಸಿ ಬೈಸಿಕೊಳ್ಳುವವರೂ ಉಂಟು. ಅಂಥವನೊಬ್ಬ ಮೊನ್ನೆ ಕೇಳಿದ: “ಒಲಿಂಪಿಕ್ಸಿನ ಫುಟ್ಬಾಲಿನಲ್ಲಿ ನಮ್ಮವರು ಪದಕದ ಹತ್ತಿರಕ್ಕೆ ಯಾವಾಗಲಾದರೂ ಹೋಗಿದ್ದರೇ ಮಾಮ?”

ಹೋಗಿದ್ದರು. ೧೯೫೬ರ ಡಿಸೆಂಬರ್ ೭ರಂದು ಮೆಲ್ಬರ್ನಿನಲ್ಲಿ ಭಾರತ ತಂಡ ಕಂಚಿನ ಪದಕಕ್ಕಾಗಿ ಆಡಿತು. ಗೆದ್ದಿದ್ದರೆ ಪದಕ, ಸೋತು ನಾಲ್ಕನೆಯ ಸ್ಥಾನಕ್ಕೆ ನಿಂತಿತು. ಎದುರಾಳಿ ಬಲ್ಗೇರಿಯಾ. ೩–೦. ಈ ಕಥೆಯನ್ನು ನಾವು ಹೇಳುವಾಗಲೆಲ್ಲ ನಮ್ಮ ಹುಡುಗರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತೇವೆ. ಎದುರು ನಿಂತವರನ್ನು ಮಾತ್ರ ‘ಬಲ್ಗೇರಿಯಾ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅದು ನ್ಯಾಯವಲ್ಲ. ಆ ತಂಡದಲ್ಲಿ ಒಬ್ಬನಿದ್ದ. ಅವನ ಆಟದ ಬಾಳನ್ನು ನೋಡಿದರೆ ನಮ್ಮ ಸೋಲೂ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ. ಅವನ ಹೆಸರು ಇವಾನ್ ಕೊಲೆವ್. ಆಡುತ್ತಿದ್ದ ಜಾಗ ಹೆಚ್ಚಾಗಿ ಎಡಗೆರೆಯ ಪಕ್ಕ. ನಮ್ಮ ಹಳೆಯ ಆಟಗಾರರ ಮಾತಿನಲ್ಲಿ ಹೇಳುವುದಾದರೆ ‘ಲೆಫ್ಟ್ ಔಟ್’.

ಆಟ ಗೊತ್ತಿಲ್ಲದ ವಾಚಕರಿಗೆ, ಅದರಲ್ಲಿಯೂ ಮಕ್ಕಳ ಕಾಟಕ್ಕೆ ಈ ಪುಟ ತಿರುವಿರುವ ತಾಯಂದಿರಿಗೆ, ಒಂದು ಮಾತು. ಆ ಕಾಲದ ಲೆಕ್ಕದಲ್ಲಿ ತಂಡದ ಮುಂದಿನ ಸಾಲಿನಲ್ಲಿ ಐವರು. ನಡುವೆ ಸೆಂಟರ್ ಫಾರ್ವರ್ಡ್, ಅವನ ಎರಡು ಮಗ್ಗುಲಿಗೆ ಇಬ್ಬರು ಇನ್‌ಸೈಡ್‌ಗಳು, ತೀರ ಎರಡು ಅಂಚಿಗೆ ರೈಟ್ ಔಟ್ ಮತ್ತು ಲೆಫ್ಟ್ ಔಟ್. ಅಂಚಿನವನ ಬಾಳು ಒಂದು ಬಗೆಯ ಗಡಿನಾಡ ಬಾಳು. ಒಂದು ಪಕ್ಕಕ್ಕೆ ಸುಣ್ಣದ ಗೆರೆ; ಅದನ್ನು ದಾಟಿದರೆ ಚೆಂಡು ಎದುರಾಳಿಯ ಪಾಲು. ಇನ್ನೊಂದು ಪಕ್ಕಕ್ಕೆ ಅವನನ್ನೇ ಕಾಯುತ್ತಿರುವ ಬ್ಯಾಕ್. ಅರ್ಧ ಪಂದ್ಯವೆಲ್ಲ ಚೆಂಡು ಅವನ ಕಡೆಗೆ ಬರುವುದೇ ಇಲ್ಲ. ಬಂದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಕನ್ನು ಹಿಂದೆ ಹಾಕಿ, ಗೆರೆಗುಂಟ ಓಡಿ, ಗೋಲಿನ ಮುಂದಕ್ಕೆ ಚೆಂಡನ್ನು ತೂರಬೇಕು. ಅಲ್ಲಿ ನಿಂತ ಇನ್ನೊಬ್ಬ ಅದನ್ನು ಒಳಕ್ಕೆ ತಳ್ಳುತ್ತಾನೆ. ಮರುದಿನದ ಪತ್ರಿಕೆಯಲ್ಲಿ ಹೆಸರು ಬರುವುದು ಆ ಇನ್ನೊಬ್ಬನದು. ಅಡುಗೆ ಮಾಡಿದವರನ್ನು ಬಿಟ್ಟು ಬಡಿಸಿದವರನ್ನು ಹೊಗಳಿದಂತೆ.

ಕೊಲೆವ್ ಹುಟ್ಟಿದ್ದು ೧೯೩೦ರ ನವೆಂಬರ್ ೧ರಂದು, ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ. ವಿತೋಶ ಬೆಟ್ಟದ ತಪ್ಪಲಿನ ಊರು ಅದು. ಅವನು ಬೆಳೆದು ಚೆಂಡು ಮುಟ್ಟುವ ಹೊತ್ತಿಗೆ ಮಹಾಯುದ್ಧ ಮುಗಿದು ದೇಶದ ಆಡಳಿತವೇ ಬೇರೆಯಾಗಿತ್ತು. ರಾಜನಿಲ್ಲ, ಕಮ್ಯುನಿಸ್ಟರ ಸರಕಾರ. ಆಟಗಳನ್ನೂ ಸರಕಾರವೇ ಹೊಸದಾಗಿ ಕಟ್ಟತೊಡಗಿತು. ೧೯೪೮ರಲ್ಲಿ ಸೋಫಿಯಾದಲ್ಲಿ ಸೈನ್ಯದ ತಂಡವೊಂದು ಹುಟ್ಟಿತು. ಅದರ ಹೆಸರನ್ನು ಹಲವು ಸಲ ಬದಲಾಯಿಸಿದರು. ಈಗಿನವರು ಅದನ್ನು ಸಿ.ಎಸ್.ಕೆ.ಎ. ಎಂದು ಕರೆಯುತ್ತಾರೆ. ೧೯೫೦ರಲ್ಲಿ ಆ ತಂಡಕ್ಕೆ ಸೇರಿದ ಕೊಲೆವ್, ೧೯೬೦ರ ದಶಕದ ಉತ್ತರಾರ್ಧದವರೆಗೂ ಅದನ್ನು ಬಿಟ್ಟು ಕದಲಲಿಲ್ಲ. ಇಂದಿನ ಮಕ್ಕಳಿಗೆ ಇದು ವಿಚಿತ್ರವೆನಿಸೀತು. ಇಂದಿನ ಆಟಗಾರ ಎರಡು ವರ್ಷಕ್ಕೊಂದು ದೇಶ, ಮೂರು ವರ್ಷಕ್ಕೊಂದು ಭಾಷೆ ಎಂದು ಅಲೆಯುತ್ತಾನೆ. ಕೊಲೆವನಿಗೆ ಆ ಅವಕಾಶವೂ ಇರಲಿಲ್ಲವೆನ್ನಿ. ಆಗಿನ ಬಲ್ಗೇರಿಯಾದಿಂದ ಹೊರನಾಡಿನ ತಂಡಕ್ಕೆ ಹೋಗುವ ಬಾಗಿಲು ಮುಚ್ಚಿತ್ತು.

ಸೈನ್ಯದ ತಂಡವೆಂದರೆ ಆಟಗಾರರೂ ಕಾಗದದ ಮೇಲೆ ಸೈನಿಕರೇ. ಸಂಬಳ ಸೈನ್ಯದ್ದು, ಕೆಲಸ ಮಾತ್ರ ದಿನಬೆಳಗಾದರೆ ಚೆಂಡಾಟ. ಹೀಗಾಗಿ ಒಲಿಂಪಿಕ್ಸಿನ ದಫ್ತರದಲ್ಲಿ ಅವರೆಲ್ಲ ಹವ್ಯಾಸಿಗಳೆಂದೇ ಬರೆದುಕೊಂಡರು. ನಿಜವಾಗಿ ನೋಡಿದರೆ ಇದಕ್ಕಿಂತ ಪೂರ್ಣಾವಧಿಯ ವೃತ್ತಿ ಇನ್ನಾವುದಿದೆ? ಪಶ್ಚಿಮದ ದೇಶಗಳು ಇದನ್ನು ನೋಡಿ ಗೊಣಗುತ್ತಿದ್ದವು. ಗೊಣಗಿದ್ದರಲ್ಲಿ ಸತ್ಯವೂ ಇತ್ತು.

ಕ್ರೂಮ್ ಮಿಲೆವ್ ಎಂಬ ಗುರು ೧೯೪೮ರಿಂದ ೧೯೬೪ರವರೆಗೆ ಹದಿನಾರು ವರ್ಷ ಆ ತಂಡವನ್ನು ತಿದ್ದಿದ. ೧೯೫೧ರಿಂದ ೧೯೬೨ರೊಳಗೆ ತಂಡ ಹನ್ನೊಂದು ಸಲ ದೇಶದ ಚಾಂಪಿಯನ್ ಆಯಿತು. ಅದರಲ್ಲಿ ೧೯೫೪ರಿಂದ ಮುಂದಕ್ಕೆ ಒಂಬತ್ತು ಸಲ ಬಿಡದೆ ಸಾಲಾಗಿ. ಯೂರೋಪಿನ ಚಾಂಪಿಯನ್ ತಂಡಗಳ ಕಪ್ಪಿಗೆ ೧೯೫೬ರಲ್ಲಿ ಮೊದಲ ಬಾರಿಗೆ ಇಳಿದಾಗ ರುಮೇನಿಯಾದ ಡೈನಮೋ ಬುಖಾರೆಸ್ಟ್ ತಂಡವನ್ನು ಸೋಫಿಯಾದಲ್ಲಿ ೮–೧ರಿಂದ ಬಡಿದುಹಾಕಿತು. ಈ ಎಲ್ಲ ವರ್ಷಗಳಲ್ಲಿ ಎಡಗೆರೆಯ ಓಟ ಕೊಲೆವನದು. ಕೆಲವೊಮ್ಮೆ ಒಳಕ್ಕೆ ಸರಿದು ಇನ್‌ಸೈಡ್ ಲೆಫ್ಟ್ ಜಾಗದಲ್ಲೂ ಆಡುತ್ತಿದ್ದ. ಚೆಂಡು ಅವನ ಕಾಲಿಗೆ ಅಂಟಿಕೊಂಡಿರುತ್ತಿತ್ತು ಎನ್ನುವುದು ಅವನನ್ನು ಕಂಡವರ ಮಾತು. ಆದರೆ ದೇಶದೊಳಗಣ ಗೆಲುವುಗಳ ಪಟ್ಟಿ ಓದಿದರೆ ಮನುಷ್ಯ ಕಾಣುವುದಿಲ್ಲ. ಅವನನ್ನು ಕಾಣಬೇಕಾದರೆ ಎರಡು ಒಲಿಂಪಿಕ್ಸುಗಳ ಎರಡು ಸಂಜೆಗಳಿಗೆ ಹೋಗಬೇಕು.

ಮೊದಲನೆಯದು ೧೯೫೨, ಫಿನ್‌ಲೆಂಡ್. ಆಟಗಳ ಕೇಂದ್ರ ಹೆಲ್ಸಿಂಕಿಯಾದರೂ ಬಲ್ಗೇರಿಯಾದ ಪಂದ್ಯ ನಡೆದದ್ದು ಕೋಟ್ಕಾ ಎಂಬ ಸಮುದ್ರದಂಡೆಯ ಬಂದರಿನಲ್ಲಿ. ಎದುರಾಳಿ ಸೋವಿಯೆತ್ ದೇಶ. ಸೋವಿಯೆತ್ತರಿಗೆ ಒಲಿಂಪಿಕ್ಸಿನಲ್ಲಿ ಅದೇ ಮೊತ್ತಮೊದಲ ಫುಟ್ಬಾಲ್ ಪಂದ್ಯ. ಆಗಿನ ಲೋಕದಲ್ಲಿ ಬಲ್ಗೇರಿಯಾ ಸೋವಿಯೆತ್ತರ ಬೆನ್ನ ಹಿಂದೆ ನಡೆಯುವ ಕಿರಿಯ ತಮ್ಮ. ಅಣ್ಣನೊಡನೆ ಕುಸ್ತಿಗೆ ನಿಂತಂತೆ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ವೇಳೆಗೆ ಹೋಯಿತು. ೯೫ನೆಯ ನಿಮಿಷದಲ್ಲಿ ಕೊಲೆವ್ ಗೋಲು ಹೊಡೆದ. ಇಪ್ಪತ್ತೊಂದು ವರ್ಷದ ಹುಡುಗ ಅಣ್ಣನನ್ನು ನೆಲಕ್ಕೆ ಕೆಡವಿದ್ದ. ಐದು ನಿಮಿಷ ಆ ಸ್ಥಿತಿ ನಿಂತಿತು. ನೂರನೆಯ ನಿಮಿಷದಲ್ಲಿ ಬೊಬ್ರೊವ್ ಸಮ ಮಾಡಿದ. ೧೦೪ರಲ್ಲಿ ತ್ರೊಫಿಮೊವ್ ಇನ್ನೊಂದನ್ನು ಸೇರಿಸಿದ. ೨–೧. ಬಲ್ಗೇರಿಯಾ ಮೊದಲ ಪಂದ್ಯಕ್ಕೇ ಮನೆಗೆ.

ಅದೇ ಸುತ್ತಿನಲ್ಲಿ ನಮ್ಮವರ ಗತಿ ಇನ್ನೂ ಕಷ್ಟದ್ದು. ಹೆಲ್ಸಿಂಕಿಯ ಚಳಿಯಲ್ಲಿ, ಹಲವರು ಬರಿಗಾಲಿನಲ್ಲಿ, ಯುಗೋಸ್ಲಾವಿಯಾದ ಎದುರು ೧೦–೧. ಆ ಒಂದೇ ಒಂದು ಗೋಲನ್ನು ಹೊಡೆದವನು ನಮ್ಮ ಬೆಂಗಳೂರಿನ ಅಹಮದ್ ಖಾನ್ ಎಂಬುದನ್ನು ಕನ್ನಡಿಗರು ಮರೆಯಬಾರದು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದವರು ಅವನನ್ನು ತಮ್ಮ ‘ಪಂಚಪಾಂಡವ’ರಲ್ಲಿ ಒಬ್ಬನೆಂದು ಮೆರೆಸಿದರು; ನಾವು ಊರಿನವರು ಅಷ್ಟು ಮೆರೆಸಲಿಲ್ಲ. ಸೋವಿಯೆತ್ತರೂ ಬಹಳ ದೂರ ಹೋಗಲಿಲ್ಲ. ಇದೇ ಯುಗೋಸ್ಲಾವರು ಮುಂದಿನ ಸುತ್ತಿನಲ್ಲಿ ಅವರನ್ನು ೫–೫ಕ್ಕೆ ಸಮ ಮಾಡಿ, ಮರುಪಂದ್ಯದಲ್ಲಿ ೩–೧ರಿಂದ ಸೋಲಿಸಿದರು. ಆ ಸಿಟ್ಟಿಗೆ ಮಾಸ್ಕೋದ ಸೈನ್ಯದ ತಂಡವನ್ನೇ ಮುಚ್ಚಿಸಲಾಯಿತು. ಆಟದಲ್ಲಿ ಸೋತದ್ದಕ್ಕೆ ತಂಡವನ್ನೇ ಅಳಿಸಿಹಾಕುವ ಕಾಲ ಅದು. ಕೊಲೆವನ ಗೋಲು ನಿಂತಿದ್ದರೆ ಏನಾಗುತ್ತಿತ್ತೋ, ಊಹಿಸಿದರೆ ಮೈ ಜುಮ್ಮೆನ್ನುತ್ತದೆ.

ನಾಲ್ಕು ವರ್ಷ ಕಳೆಯಿತು. ಮೆಲ್ಬರ್ನಿಗೆ ಹೋಗುವ ಮುನ್ನ ಬಲ್ಗೇರಿಯಾ ಅರ್ಹತೆಗಾಗಿ ಬ್ರಿಟನ್ನಿನೊಡನೆ ಆಡಬೇಕಾಯಿತು. ೧೯೫೫ರಲ್ಲಿ ಸೋಫಿಯಾದಲ್ಲಿ ೨–೦ ಗೆಲುವು, ೧೯೫೬ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ೩–೩ ಸಮ. ಬ್ರಿಟನ್ ಹೊರಬಿತ್ತು. ಅಷ್ಟರಲ್ಲಿ ಒಂದೊಂದು ದೇಶವೂ ಒಂದೊಂದು ಕಾರಣಕ್ಕೆ ಹಿಂದೆ ಸರಿಯಿತು. ಆಸ್ಟ್ರೇಲಿಯಾ ದೂರ, ಖರ್ಚು ಹೆಚ್ಚು, ಯೂರೋಪಿನಲ್ಲಿ ಹಂಗೆರಿಯ ದಂಗೆ. ಕೊನೆಗೆ ಹನ್ನೊಂದೇ ತಂಡಗಳು ಉಳಿದವು. ಖಾಲಿ ಜಾಗ ತುಂಬಲು ಬ್ರಿಟನ್ನನ್ನು ಮತ್ತೆ ಕರೆದರು. ಬಂದವರಿಗೆ ಎದುರಾದದ್ದು ಯಾರು? ಅದೇ ಬಲ್ಗೇರಿಯಾ! ಈ ಸಲ ೬–೧. ಮಿಲಾನೊವ್ ಮೂರು ಗೋಲು, ಕೊಲೆವ್ ಎರಡು. ಕರೆಸಿಕೊಂಡು ಪೆಟ್ಟು ತಿನ್ನುವುದೆಂದರೆ ಇದೇ. ಬ್ರಿಟನ್ನಿನವರು ನಿಜವಾದ ಹವ್ಯಾಸಿಗಳು, ಇವರು ಹೆಸರಿಗೆ ಮಾತ್ರ ಹವ್ಯಾಸಿಗಳು ಎಂಬ ವ್ಯತ್ಯಾಸವನ್ನು ಈ ಅಂಕಿಯೇ ಹೇಳುತ್ತದೆ.

ಭಾರತಕ್ಕೆ ಮೊದಲ ಸುತ್ತಿನಲ್ಲಿ ಎದುರಾಗಬೇಕಾಗಿದ್ದ ಹಂಗೆರಿ ಬರಲೇ ಇಲ್ಲ. ಎಂಟರ ಘಟ್ಟದಲ್ಲಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ ೪–೨ರಿಂದ ಸೋಲಿಸಿದೆವು. ಮುಂಬಯಿಯ ನೆವಿಲ್ ಡಿಸೋಜ ಒಬ್ಬನೇ ಮೂರು ಗೋಲು. ಒಲಿಂಪಿಕ್ಸಿನಲ್ಲಿ ಏಷ್ಯಾದ ಆಟಗಾರನೊಬ್ಬ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದದ್ದು ಅದೇ ಮೊದಲು. ಆ ತಂಡದ ಗುರು ಹೈದರಾಬಾದಿನ ರಹೀಮ್ ಸಾಹೇಬರು. ರೈಟ್ ಔಟ್ ಜಾಗದಲ್ಲಿ ಈಸ್ಟರ್ನ್ ರೈಲ್ವೆಯ ಪಿ. ಕೆ. ಬ್ಯಾನರ್ಜಿ. ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನೂ ಇದ್ದ. ಮುಂಬಯಿ, ಹೈದರಾಬಾದು, ಕಲ್ಕತ್ತೆ, ಬೆಂಗಳೂರು ಎಲ್ಲ ಸೇರಿ ಆದ ತಂಡ. ಡಿಸೆಂಬರ್ ೪ರ ಸೆಮಿಫೈನಲಿನಲ್ಲಿ ಯುಗೋಸ್ಲಾವಿಯಾದ ವಿರುದ್ಧ ಮೊದಲ ಗೋಲು ಹೊಡೆದವನೂ ಡಿಸೋಜನೇ. ಆಮೇಲೆ ನಾಲ್ಕು ತಿಂದು ೪–೧ರಿಂದ ಸೋತೆವು.

ಮರುದಿನ, ಡಿಸೆಂಬರ್ ೫ರಂದು, ಇನ್ನೊಂದು ಸೆಮಿಫೈನಲ್. ಮತ್ತೆ ಬಲ್ಗೇರಿಯಾ, ಮತ್ತೆ ಸೋವಿಯೆತ್ ದೇಶ. ಗೋಲಿನಲ್ಲಿ ಲೆವ್ ಯಾಶಿನ್; ಮುಂದೆ ಲೋಕವೆಲ್ಲ ಗೋಲಿಗಳ ಗುರುವೆಂದು ಕೈಮುಗಿದ ಮನುಷ್ಯ. ಮತ್ತೆ ತೊಂಬತ್ತು ನಿಮಿಷ ಗೋಲಿಲ್ಲ. ಆಡುತ್ತ ಆಡುತ್ತ ಸೋವಿಯೆತ್ ಬ್ಯಾಕ್ ತಿಶ್ಚೆಂಕೊನ ಹೆಗಲಿನ ಮೂಳೆ ಮುರಿಯಿತು. ಇವಾನೊವ್ ಎಂಬ ಫಾರ್ವರ್ಡಿನ ಮೊಣಕಾಲು ಕೆಟ್ಟಿತು. ಒಬ್ಬನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಮುರಿದ ಹೆಗಲಿನ ತೋಳನ್ನು ಮೈಗೆ ಕಟ್ಟಿಸಿಕೊಂಡು ತಿಶ್ಚೆಂಕೊ ಮತ್ತೆ ಬಯಲಿಗೆ ಬಂದ. ಲೆಕ್ಕಕ್ಕೆ ಹನ್ನೊಂದು, ಆಡಲು ಒಂಬತ್ತೇ ಜನ. ಹೆಚ್ಚುವರಿ ವೇಳೆ ಶುರುವಾಯಿತು. ೯೫ನೆಯ ನಿಮಿಷ. ಕೊಲೆವ್ ಗೋಲು ಹೊಡೆದ!

ವಾಚಕರು ಮೇಲಿನ ಪ್ಯಾರಾಗಳನ್ನು ಇನ್ನೊಮ್ಮೆ ನೋಡಬಹುದು, ಅಚ್ಚಿನ ತಪ್ಪಲ್ಲ. ಕೋಟ್ಕಾದಲ್ಲಿ ೯೫, ಮೆಲ್ಬರ್ನಿನಲ್ಲಿ ೯೫. ಅದೇ ಎದುರಾಳಿ, ಅದೇ ಆಟಗಾರ. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಸಂಪಾದಕರು ‘ಸಹಜವಾಗಿಲ್ಲ’ ಎಂದು ತಿದ್ದಿ ಕಳಿಸುತ್ತಿದ್ದರು.

ಈ ಸಲ ಮುನ್ನಡೆ ನಿಂತದ್ದು ಹದಿನೇಳು ನಿಮಿಷ. ಗಾಯಗೊಂಡ ಎದುರಾಳಿ, ಕೈಯಲ್ಲಿ ಒಂದು ಗೋಲು, ಎಂಟೇ ನಿಮಿಷ ಬಾಕಿ. ೧೧೨ನೆಯ ನಿಮಿಷದಲ್ಲಿ ಹತ್ತೊಂಬತ್ತು ವರ್ಷದ ಸ್ತ್ರೆಲ್ತ್ಸೊವ್ ಸಮ ಮಾಡಿದ. ೧೧೬ರಲ್ಲಿ ಚೆಂಡು ತಿಶ್ಚೆಂಕೊನ ಕಾಲಿನಿಂದಲೇ ಹೊರಟಿತು. ಹೌದು, ಅದೇ ಮುರಿದ ಹೆಗಲಿನವನು. ಅವನಿಂದ ಎಡಗೆರೆಯ ರಿಝ್ಕಿನ್‌ಗೆ, ಅಲ್ಲಿಂದ ಬಲಗೆರೆಯ ತತುಶಿನ್‌ಗೆ, ಅಲ್ಲಿಂದ ಬಲೆಗೆ. ೨–೧. ಎಡಗೆರೆಯವನು ಕೊಟ್ಟದ್ದನ್ನು ಬಲಗೆರೆಯವನು ಕಿತ್ತುಕೊಂಡ. ಮೂರು ದಿನದ ಮೇಲೆ ಸೋವಿಯೆತ್ತರು ಫೈನಲಿನಲ್ಲಿ ಯುಗೋಸ್ಲಾವಿಯಾವನ್ನು ೧–೦ರಿಂದ ಗೆದ್ದು ಚಿನ್ನ ಪಡೆದರು. ಸೋಲಿನಿಂದ ಎತ್ತಿ ತಂದ ಸ್ತ್ರೆಲ್ತ್ಸೊವನನ್ನು ಫೈನಲಿಗೆ ಇಳಿಸಲಿಲ್ಲ. ಫೈನಲ್ ಆಡಿದವರಿಗೆ ಮಾತ್ರ ಪದಕವೆಂಬ ಆಗಿನ ನಿಯಮದಂತೆ ಅವನಿಗೆ ಚಿನ್ನವೂ ಬರಲಿಲ್ಲ. ಅವನ ಜಾಗದಲ್ಲಿ ಆಡಿದ ಸಿಮೊನ್ಯಾನ್ ತನ್ನ ಪದಕವನ್ನೇ ಕೊಡಹೋದ, ಹುಡುಗ ತೆಗೆದುಕೊಳ್ಳಲಿಲ್ಲ. ಅವನ ಮುಂದಿನ ಬಾಳಿನದು ಬೇರೆಯೇ ದುಃಖದ ಕಥೆ, ಇನ್ನೊಂದು ಸಂಚಿಕೆಗಿರಲಿ.

ಈಗ ನಮ್ಮ ಪಂದ್ಯಕ್ಕೆ ಬರೋಣ. ಡಿಸೆಂಬರ್ ೭. ಭಾರತಕ್ಕೆ ಎರಡು ದಿನ ಪೂರ್ತಿ ವಿಶ್ರಾಂತಿ ಸಿಕ್ಕಿತ್ತು. ಬಲ್ಗೇರಿಯಾಕ್ಕೆ ಒಂದೇ ದಿನ, ಅದೂ ನೂರಿಪ್ಪತ್ತು ನಿಮಿಷ ಆಡಿ, ಗೆಲುವನ್ನು ಕೈಯಾರೆ ಕಳೆದುಕೊಂಡ ಮೇಲೆ. ಅಂಥ ತಂಡದ ಕಾಲೂ ಸೋತಿರಬೇಕು, ಮನಸ್ಸೂ ಸೋತಿರಬೇಕು. ನಮಗೆ ಇದಕ್ಕಿಂತ ಒಳ್ಳೆಯ ಅವಕಾಶ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಮೊದಲ ಅರ್ಧಗಂಟೆ ಗೋಲಿಲ್ಲದೆ ಕಳೆಯಿತು. ೩೭ನೆಯ ನಿಮಿಷದಲ್ಲಿ ದಿಯೆವ್ ಹೊಡೆದ. ೪೨ರಲ್ಲಿ ಮಿಲಾನೊವ್. ವಿರಾಮದ ನಂತರ ೬೦ರಲ್ಲಿ ಮತ್ತೆ ದಿಯೆವ್. ಪ್ಲೊವ್‌ದಿವ್ ಊರಿನ ಈ ತೊದೊರ್ ದಿಯೆವ್ ಕೊಲೆವನ ಎದುರು ಅಂಚಿನವನು, ರೈಟ್ ಔಟ್. ಅಂದರೆ ನಮ್ಮ ಕಂಚನ್ನು ಒಯ್ದದ್ದು ಬಲ್ಗೇರಿಯಾದ ಗೆರೆಯಂಚು.

ನಮ್ಮಲ್ಲಿ ಆಗ ದೊಡ್ಡ ಪಂದ್ಯಾವಳಿಗಳೂ ಎಪ್ಪತ್ತು ನಿಮಿಷದವು. ತೊಂಬತ್ತು ನಿಮಿಷ ಓಡುವ ರೂಢಿ ನಮ್ಮವರಿಗಿರಲಿಲ್ಲ, ಅದಕ್ಕೇ ಸೋತರು ಎಂದು ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಗೋಲುಗಳ ವೇಳೆಯನ್ನು ನೋಡಿ: ಮೂರೂ ಬಿದ್ದದ್ದು ಅರುವತ್ತು ನಿಮಿಷದೊಳಗೆ. ಉಸಿರು ಸಾಲದೆ ಸೋತ ಪಂದ್ಯವಲ್ಲ ಅದು. ಎರಡು ದಿನದ ಹಿಂದೆ ಎದೆಯೊಡೆದು ಸೋತವರು ಎದ್ದು ಬಂದು, ಎಂದಿನ ಕೆಲಸಕ್ಕೆ ಹಾಜರಾದವರಂತೆ ಆಡಿದರು. ವರ್ಷಗಟ್ಟಲೆ ದಿನವೂ ಒಟ್ಟಿಗೆ ಆಡಿದವರಿಗೆ ಮಾತ್ರ ಅದು ಸಾಧ್ಯ. ರಹೀಮ್ ಸಾಹೇಬರ ಕೈಗೆ ಹುಡುಗರು ಸಿಗುತ್ತಿದ್ದದ್ದು ಆಫೀಸಿನ, ರೈಲ್ವೆಯ ರಜೆ ಮಂಜೂರಾದ ಮೇಲೆ. ಅವರು ಅಷ್ಟರಲ್ಲೇ ನಾಲ್ಕನೆಯ ಸ್ಥಾನಕ್ಕೆ ಮುಟ್ಟಿಸಿದ್ದು ನನ್ನ ಲೆಕ್ಕದಲ್ಲಿ ಪವಾಡ. ಆ ಒಲಿಂಪಿಕ್ಸಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಮೂವರು, ತಲಾ ನಾಲ್ಕು: ಬಲ್ಗೇರಿಯಾದ ಮಿಲಾನೊವ್, ಯುಗೋಸ್ಲಾವಿಯಾದ ವೆಸೆಲಿನೊವಿಚ್, ನಮ್ಮ ಡಿಸೋಜ. ಕೊಲೆವನದು ಮೂರು.

ಬಲ್ಗೇರಿಯಾಕ್ಕೆ ಕಾಲ್ಚೆಂಡಿನಲ್ಲಿ ಅದೇ ಮೊದಲ ಒಲಿಂಪಿಕ್ ಪದಕ. ೧೯೬೮ರಲ್ಲಿ ಮೆಕ್ಸಿಕೋದಲ್ಲಿ ಬೆಳ್ಳಿಯೂ ಬಂತು. ಭಾರತ ೧೯೬೦ರ ರೋಮ್ ಒಲಿಂಪಿಕ್ಸಿನ ಬಳಿಕ ಆ ಬಯಲಿಗೆ ಕಾಲಿಟ್ಟಿಲ್ಲ. ರಹೀಮ್ ಸಾಹೇಬರು ೧೯೬೨ರಲ್ಲಿ ಜಕಾರ್ತದ ಏಷ್ಯನ್ ಆಟಗಳಲ್ಲಿ ಚಿನ್ನ ಗೆಲ್ಲಿಸಿ, ಮರುವರ್ಷವೇ ತೀರಿಕೊಂಡರು.

ಕೊಲೆವನ ಆಟ ಇನ್ನೂ ಮುಗಿದಿರಲಿಲ್ಲ. ಜಗತ್ಕಪ್ ಎಂಬುದನ್ನು ಬಲ್ಗೇರಿಯಾ ಅದುವರೆಗೆ ಮುಟ್ಟಿಯೇ ಇರಲಿಲ್ಲ. ೧೯೬೧ರ ನವೆಂಬರಿನಲ್ಲಿ ಸೋಫಿಯಾದಲ್ಲಿ ಫ್ರಾನ್ಸಿನ ವಿರುದ್ಧ ಕೊನೆಯ ಗಳಿಗೆಯ ಗೋಲಿನಿಂದ ೧–೦. ಎರಡೂ ತಂಡಗಳ ಅಂಕ ಸಮವಾಗಿದ್ದರಿಂದ ಡಿಸೆಂಬರಿನಲ್ಲಿ ಇಟಲಿಯ ಮಿಲಾನಿನಲ್ಲಿ ಇನ್ನೊಂದು ಪಂದ್ಯ. ಯಾಕಿಮೊವ್ ಎಂಬ ಹುಡುಗನ ಗೋಲಿನಿಂದ ಅದೂ ೧–೦. ಹೀಗೆ ೧೯೬೨ರಲ್ಲಿ ಚಿಲಿ ದೇಶದ ರಂಕಾಗುವಾ ಪಟ್ಟಣಕ್ಕೆ ಹೋದ ತಂಡದಲ್ಲಿ ಮೂವತ್ತೊಂದರ ಕೊಲೆವನೂ ಇದ್ದ. ಆರ್ಜೆಂಟೀನಾದ ಎದುರು ೦–೧, ಹಂಗೆರಿಯ ಎದುರು ೧–೬, ಇಂಗ್ಲೆಂಡಿನೊಡನೆ ೦–೦. ಹೇಳಿಕೊಳ್ಳುವಂಥದ್ದೇನಲ್ಲ. ಜಗತ್ಕಪ್ಪಿನಲ್ಲಿ ಬಲ್ಗೇರಿಯಾ ಒಂದು ಪಂದ್ಯವನ್ನಾದರೂ ಗೆಲ್ಲಲು ೧೯೯೪ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ಸ್ತೊಯ್ಚ್‌ಕೊವ್ ಎಂಬ ಎಡಗಾಲಿನವನು ಆರು ಗೋಲು ಹೊಡೆದು ದೇಶವನ್ನು ಸೆಮಿಫೈನಲಿಗೆ ಒಯ್ದ. ಅವನೂ ಬೆಳಕಿಗೆ ಬಂದದ್ದು ಅದೇ ಸೈನ್ಯದ ತಂಡದಿಂದ. ಮೂರನೆಯ ಸ್ಥಾನದ ಪಂದ್ಯದಲ್ಲಿ ಸ್ವೀಡನ್ ಅವರನ್ನು ೪–೦ರಿಂದ ಸೋಲಿಸಿತು. ನಾಲ್ಕನೆಯ ಸ್ಥಾನದ ರುಚಿ ಹೇಗಿರುತ್ತದೆಂದು ಬಲ್ಗೇರಿಯಾಕ್ಕೂ ಗೊತ್ತಾಯಿತು.

೧೯೫೦ರಿಂದ ೧೯೬೩ರವರೆಗೆ ಕೊಲೆವ್ ದೇಶಕ್ಕಾಗಿ ಎಪ್ಪತ್ತಕ್ಕೂ ಹೆಚ್ಚು ಪಂದ್ಯ ಆಡಿದ, ಗೋಲು ೨೫. ಅಂಚಿನಲ್ಲಿ ಆಡಿದವನಿಗೆ ಅದು ಸಣ್ಣ ಅಂಕಿಯಲ್ಲ. ೨೦೦೫ರ ಜುಲೈ ೧ರಂದು, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದ. ನಮ್ಮ ಅಹಮದ್ ಖಾನ್ ಅವನಿಗಿಂತ ನಾಲ್ಕು ವರ್ಷ ಹಿರಿಯ. ೨೦೧೭ರವರೆಗೆ ಬೆಂಗಳೂರಿನಲ್ಲಿ ಬದುಕಿದ್ದ.